ನಲಿ-ಕಲಿಯ ಏಣಿ ಮುಗಿದ ಮೇಲೆ

‘ದಿಬ್ಬಳೆ ಮರದ ಮೇಲೆ ಒಂದು ತಿಮಣಕ ಕೂತಿತ್ತು. ಸಂಜೆಯಾದರೆ ಅದು ಗಿಮುಗುತ್ತಿತ್ತು.’ ತಿಮಣಕ ಎಲ್ಲಿ ಕೂತಿತ್ತು? ಅದು ಯಾವಾಗ ಗಿಮುಗುತ್ತಿತ್ತು? ನಾಲ್ಕನೇ ತರಗತಿಯ ಮಗು ಎರಡಕ್ಕೂ ಸರಿಯುತ್ತರ ಬರೆದು ಪೂರ್ತಿ ಅಂಕ ತೆಗೆದುಕೊಳ್ಳಬಲ್ಲದು. ತಿಮಣಕ ಹಕ್ಕಿಯೋ ಹುಳುವೋ ಯಾರಿಗೂ ಗೊತ್ತಿಲ್ಲ. ಅದು ಈ ಬರಹಕ್ಕೆಂದೇ ಕಟ್ಟಿದ ಪೊಳ್ಳು ಪದ. ಪ್ರಶ್ನೆಯ ‘ಎಲ್ಲಿ’ಯನ್ನು ತೆಗೆದು ಆ ಜಾಗಕ್ಕೆ ಪಾಠದ ಮಾತನ್ನು ಕೂರಿಸಿದರೆ ಉತ್ತರ ಸಿದ್ಧ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ‘ಪ್ರಶ್ನೋತ್ತರ’ ಎಂಬ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಇಂಥದ್ದೇ ಹೆಚ್ಚು. ಓದು ಕಲಿಸುವ ನಮ್ಮ ಕ್ರಮವನ್ನು ಇದೇ ದೃಷ್ಟಿಯಿಂದ ತೂಗಿ ನೋಡಬೇಕಾಗಿದೆ.

ಮೊದಲು ಆಗಿರುವ ಒಳ್ಳೆಯದನ್ನು ಹೇಳಬೇಕು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲು, ‘ತಟ್ಟೆ’ ಎಂದು ಕರೆಯುವ ಗುಂಪುಗಳು, ಮಗುವಿನ ಕೈಗೆಟಕುವ ಗೋಡೆ ಹಲಗೆ ಎಲ್ಲವೂ ಸೇರಿ ತರಗತಿಯ ಭಯವನ್ನು ಕಳೆದವು. ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೋ ಕಾಫಿ ತೋಟಕ್ಕೋ ಗುಳೆ ಹೋಗಿ ಬಂದ ಹಿರಿಯೂರು ಕಡೆಯ ಮಗು, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಬರದ ಸೀಮೆಯ ಶಾಲೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಅಕ್ಷರ ಕಲಿಸುವ ಜಾಣತನವೂ ಮೆಚ್ಚುವಂಥದ್ದು. ಅ, ಆ, ಇ, ಈ ಎಂದು ವರ್ಣಮಾಲೆ ಉರುಹೊಡೆಸುವ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಲು ಬರುತ್ತದೆ. ಕೆಲವೇ ಅಕ್ಷರ ಕಲಿತ ಮಗುವಿಗೆ ‘ನನಗೆ ಓದೋಕೆ ಬರುತ್ತೆ’ ಎಂಬ ಧೈರ್ಯ ಬಂದುಬಿಡುತ್ತದೆ.

ಕೊರತೆ ಇರುವುದೂ ಇಲ್ಲಿಯೇ. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಆ ಮಗು ತಡವರಿಸದೆ ‘ಗರಗಸ’ ಎಂದು ಓದಿದ ಕೂಡಲೇ ಕಾರ್ಡು ಮುಗಿಯಿತೆಂದು ಗುರುತು ಹಾಕಿಬಿಟ್ಟರೆ, ಮನೆಯ ಮೂಲೆಯಲ್ಲಿರುವ ಆ ಹಲ್ಲುಹಲ್ಲಿನ ವಸ್ತುವಿಗೂ ಈ ನಾಲ್ಕು ಅಕ್ಷರಕ್ಕೂ ನಂಟೇ ಬೆಸೆಯುವುದಿಲ್ಲ. ‘ನಿಮ್ಮ ಮನೇಲಿ ಇದಕ್ಕೇನಂತಾರೆ? ಯಾರು ಬಳಸ್ತಾರೆ?’ ಎಂದು ಮೇಷ್ಟ್ರು ಕೇಳಿ, ಮಗು ತನ್ನ ನುಡಿಯಲ್ಲೇ ಉತ್ತರಿಸಿದರೆ ಅರ್ಥ ಕೂಡುತ್ತದೆ. ಆದರೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನೋಡಿಕೊಳ್ಳುವಾಗ ಮಾತಿಗೆ ಬಿಡುವೆಲ್ಲಿ? ನಲಿ-ಕಲಿ ಚಟುವಟಿಕೆಗೆ ಕೊಟ್ಟಷ್ಟು ಜಾಗವನ್ನು ಮಾತಿಗೆ ಕೊಡಲಿಲ್ಲ.

ನಾಲ್ಕನೇ ತರಗತಿಯಲ್ಲಿ ಏಣಿ ಇಲ್ಲ. ಪಠ್ಯಪುಸ್ತಕ ಬರುತ್ತದೆ, ಬೋರ್ಡಿನ ಮೇಲೆ ಉತ್ತರ ಬರುತ್ತದೆ, ನೋಟ್ಸ್ ತುಂಬುತ್ತದೆ. ಅಕ್ಷರ ಕೂಡಿಸುವ ಹಂತ ದಾಟಿ ಅರ್ಥ ಬಿಡಿಸುವ ಹಂತಕ್ಕೆ ಕೈಹಿಡಿದು ನಡೆಸಬೇಕಾದ ಹೊತ್ತಿನಲ್ಲೇ ನಾವು ಕೈಬಿಡುತ್ತೇವೆ. ನಮ್ಮ ಅಳತೆಗೋಲುಗಳೂ ಈ ತಪ್ಪನ್ನು ಮುಚ್ಚುತ್ತವೆ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಮುಖ್ಯವಾಗಿ ಮಗುವಿನಿಂದ ಗಟ್ಟಿಯಾಗಿ ಓದಿಸಿ ನೋಡುತ್ತದೆ. 2021ರ ನಿಪುಣ್ ಭಾರತ್ ಯೋಜನೆ ‘ಅರ್ಥಸಹಿತ ಓದು’ ಎಂದು ಸರಿಯಾಗಿಯೇ ಹೇಳಿದರೂ ನಿಮಿಷಕ್ಕೆ ಇಷ್ಟು ಪದ ಎಂಬ ಗುರಿಯನ್ನೂ ಇಟ್ಟಿದೆ. ಎಣಿಸಲು ಸುಲಭವಾದದ್ದು ವೇಗ. ಹಾಗಾಗಿ ತರಗತಿಯಲ್ಲಿ ಉಳಿಯುವುದೂ ವೇಗವೇ.

ಬೇರೆ ದಾರಿ ದೂರದಲ್ಲೇನೂ ಇಲ್ಲ. ಒಂದು ಪುಟ್ಟ ಪಾಠ ನೋಡಿ: ‘ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.’ ‘ಯಾವಾಗ ಪೂರ್ಣಗೊಂಡಿತು?’ ಎಂದು ಕೇಳಿದರೆ ಅದು ತಿಮಣಕದ ಪ್ರಶ್ನೆಯೇ. ‘ಎಪ್ಪತ್ತು ವರ್ಷದ ನಿಮ್ಮಜ್ಜಿ 2022ಕ್ಕೆ ಮುಂಚೆ ಕೋಡಿ ನೋಡಿದ್ದರಾ?’ ಎಂದು ಕೇಳಿ. ಉತ್ತರ ಯಾವ ಸಾಲಿನಲ್ಲೂ ಇಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ಮಗುವೇ ಯೋಚಿಸಬೇಕು. ‘ಹಿರಿಯೂರಿನವರು ಹಿಗ್ಗಿದಾಗ ಹೊಸದುರ್ಗ ಕಡೆಯ ಹಿನ್ನೀರಿನ ರೈತರು ಯಾಕೆ ಚಿಂತೆಗೆ ಬಿದ್ದರು?’ ಇದಕ್ಕೆ ನೀರು ಎಲ್ಲಿ ನಿಲ್ಲುತ್ತದೆ, ಯಾರ ಹೊಲ ಮುಳುಗುತ್ತದೆ ಎಂಬುದು ಹೊಳೆಯಬೇಕು. ಓದಿ ಅರ್ಥ ಮಾಡಿಕೊಳ್ಳುವುದೆಂದರೆ ಇದೇ: ಸಾಲಿನಲ್ಲಿರುವುದನ್ನು ತನಗೆ ಗೊತ್ತಿರುವುದರ ಜೊತೆ ಸೇರಿಸಿ, ಸಾಲಿನಲ್ಲಿ ಇಲ್ಲದ್ದನ್ನು ಕಂಡುಕೊಳ್ಳುವುದು.

ಇದಕ್ಕೆ ಪುಸ್ತಕವೂ ಬೇಕು. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕಾರ್ಯಕ್ರಮ ಒಳ್ಳೆಯದು, ಆದರೆ ಸದಸ್ಯತ್ವದ ಎಣಿಕೆ ಓದಿನ ಲೆಕ್ಕವಲ್ಲ. ಪುಸ್ತಕ ಹರಿದರೆ ಯಾರು ಉತ್ತರ ಕೊಡಬೇಕೆಂಬ ಅಂಜಿಕೆಯಲ್ಲಿ ಶಾಲೆಯ ಬೀರುವಿಗೆ ಬೀಗ ಬೀಳುವುದೂ ನಿಲ್ಲಬೇಕು. ಮಕ್ಕಳ ಕೈಯಲ್ಲಿ ಹರಿದ ಪುಸ್ತಕಕ್ಕೆ ಮೇಷ್ಟ್ರನ್ನು ಹೊಣೆ ಮಾಡಬಾರದೆಂದು ಇಲಾಖೆ ಸ್ಪಷ್ಟವಾಗಿ ಹೇಳಲಿ.

ನಲಿ-ಕಲಿಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ, ಅದನ್ನು ಪೂರ್ತಿ ಮಾಡಬೇಕೆನ್ನುತ್ತಿದ್ದೇನೆ. ದಿನಕ್ಕೊಂದು ಕಥೆಯನ್ನು ಮೇಷ್ಟ್ರೇ ಗಟ್ಟಿಯಾಗಿ ಓದಿ ಮಕ್ಕಳ ಜೊತೆ ಮಾತಾಡಲಿ. ಕ್ಲಸ್ಟರ್ ಸಭೆಗಳಲ್ಲಿ ನಮೂನೆ ತುಂಬುವ ಹೊತ್ತನ್ನು ಕಡಿಮೆ ಮಾಡಿ, ಪ್ರತಿ ಪಾಠಕ್ಕೂ ಪುಸ್ತಕದಿಂದ ಎತ್ತಿ ಬರೆಯಲಾಗದ ಎರಡು ಪ್ರಶ್ನೆಗಳನ್ನು ಶಿಕ್ಷಕರು ಕೂಡಿ ಕಟ್ಟಲಿ. ಪರೀಕ್ಷೆಯಲ್ಲಿ ಅಂಥ ಪ್ರಶ್ನೆಗಳಿಗೇ ಹೆಚ್ಚು ಅಂಕ ಸಿಗಲಿ. ಮಗುವಿನ ಸ್ವಂತ ಮಾತಿನ ಉತ್ತರದಲ್ಲಿ ಕಾಗುಣಿತ ತಪ್ಪಿದ್ದರೂ ಅದನ್ನು ಒಪ್ಪಿಕೊಳ್ಳಲಿ. ಹೆಚ್ಚಿನ ಹಣ ಬೇಡುವ ಬದಲಾವಣೆಗಳಲ್ಲ ಇವು. ಓದು ಎಂದರೆ ಏನೆಂಬ ನಮ್ಮ ಎಣಿಕೆ ಬದಲಾದರೆ ನಾಳೆಯಿಂದಲೇ ಶುರು ಮಾಡಬಹುದು.