ದೆಹಲಿಯ ಸುಂಕ, ಕ್ಯಾಲನೂರಿನ ಗೂಡು

ವಿದೇಶಾಂಗ ನೀತಿ ಎಂದರೆ ನಮಗೆ ನೆನಪಾಗುವುದು ಪ್ರಧಾನಿಯ ಪ್ರವಾಸ, ಜಂಟಿ ಹೇಳಿಕೆ, ಗಡಿಯ ಸುದ್ದಿ. ಕೋಲಾರ ತಾಲ್ಲೂಕಿನ ಕ್ಯಾಲನೂರಿನವರು ಅದನ್ನು ಅಳೆಯುವ ಜಾಗವೇ ಬೇರೆ. ಅದು ರೇಷ್ಮೆ ಗೂಡು ಮಾರುಕಟ್ಟೆಯ ಹರಾಜು. ಚೀನಾದೊಂದಿಗೆ ನಮ್ಮ ವ್ಯಾಪಾರ ಸಂಬಂಧ ಹೇಗಿದೆ ಎಂಬುದು ಅಲ್ಲಿ ಕಿಲೋ ಗೂಡಿಗೆ ಸಿಗುವ ಬೆಲೆಯಲ್ಲೇ ಗೊತ್ತಾಗುತ್ತದೆ. ಆ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ, ಈ ಶತಮಾನದಲ್ಲಿ ದೆಹಲಿ ನಡೆಸಿಕೊಂಡು ಬಂದಿರುವ ಆಮದು ನೀತಿಯನ್ನು ನಾನು ಯಶಸ್ವಿ ಎನ್ನಲಾರೆ.

ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟುಪಾಡಿಗೆ ಒಳಪಟ್ಟು ಭಾರತ 2001ರಲ್ಲಿ ಆಮದಿನ ಮೇಲಿನ ಪ್ರಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಜಗತ್ತಿನಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ದೇಶ ಚೀನಾ, ಎರಡನೆಯದು ಭಾರತ. ಆದರೆ ನಮ್ಮ ಮಗ್ಗಗಳಿಗೆ ಬೇಕಾದಷ್ಟು ನೂಲು ನಮ್ಮಲ್ಲಿ ಹುಟ್ಟುವುದಿಲ್ಲ. ಆ ಕೊರತೆಯ ದಾರಿಯಲ್ಲಿ ಅಗ್ಗದ ಚೀನಾ ನೂಲು ಒಳಗೆ ಬಂತು. 2003ರಲ್ಲಿ ಅದರ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಬೇಕಾಯಿತು. ಇಷ್ಟು ಕಂಡ ಮೇಲೂ 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿಯಿತು, ರೇಷ್ಮೆ ಸೀಮೆಯ ರೈತರು ಬೀದಿಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕ ಶೇ 15 ಆಯಿತು, ಮುಂದೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15ಕ್ಕೆ ಏರಿತು.

ಈ ಏರಿಳಿತ ರೈತನಿಗೆ ಏನು ಮಾಡುತ್ತದೆಂದು ತಿಳಿಯಬೇಕಾದರೆ ಬೆಳೆಯ ಸ್ವಭಾವ ಗೊತ್ತಿರಬೇಕು. ಹಿಪ್ಪುನೇರಳೆ ಕಡ್ಡಿ ನೆಟ್ಟರೆ ತೋಟ ಪೂರ್ತಿ ಕೈಗೆ ಬರಲು ವರ್ಷ ಹಿಡಿಯುತ್ತದೆ. ಒಮ್ಮೆ ಬಂದರೆ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಹುಳು ಸಾಕಣೆ ಮನೆಗೆ ಸಾಲ, ಕೊಳವೆಬಾವಿಗೆ ಸಾಲ. ಸಾವಿರ ಅಡಿ ಕೊರೆಸಿದರೂ ನೀರು ಸಿಕ್ಕೀತೆಂಬ ಭರವಸೆ ಈ ಜಿಲ್ಲೆಯಲ್ಲಿಲ್ಲ. ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುವವರೆಗೆ ಮನೆಮಂದಿಗೆಲ್ಲ ಸರಿಯಾದ ನಿದ್ದೆಯಿಲ್ಲ. ಇಷ್ಟಾಗಿ ಬಿಡಿಸಿದ ಗೂಡನ್ನು ಬೆಲೆ ಬರಲೆಂದು ಕಾದಿಡುವಂತಿಲ್ಲ. ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ಕಡಿದು ಗೂಡು ಕೆಟ್ಟಂತೆಯೇ. ಹಾಗಾಗಿ ಅಂದಿನ ಬೆಲೆಗೆ ಅಂದೇ ಕೊಟ್ಟು ಬರಬೇಕು. ಹದಿನೈದು ವರ್ಷದ ತೋಟ ಹಾಕಿದವನ ತಲೆಯ ಮೇಲೆ ಯಾವ ಬಜೆಟ್ಟಿನಲ್ಲಿ ಬೇಕಾದರೂ ಬದಲಾಗುವ ಸುಂಕವನ್ನು ತೂಗುಬಿಟ್ಟಿರುವುದು ಈ ನೀತಿಯ ಮೊದಲ ದೋಷ. ಸುಂಕ ಶೇ 10 ಇರಲಿ, 15 ಇರಲಿ, ಅದು ನಾಳೆಯೂ ಇರುತ್ತದೆಂಬ ನಂಬಿಕೆ ಅವನಿಗೆ ಬೇಕು.

ನೇಕಾರರ ಮಾತನ್ನೂ ಇಲ್ಲಿ ಕೇಳಲೇಬೇಕು. ಮಗ್ಗದ ಹಾಸಿನ ಎಳೆಗೆ ಗಟ್ಟಿಯಾದ, ಒಂದೇ ಸಮನಾದ ದ್ವಿತಳಿ (ಬೈವೋಲ್ಟೀನ್) ನೂಲು ಬೇಕು. ನಮ್ಮಲ್ಲಿ ಬಹುಕಾಲ ಬೆಳೆದದ್ದು ಹೆಚ್ಚಾಗಿ ಮಿಶ್ರತಳಿ ಗೂಡು. ಬನಾರಸಿನ ನೇಕಾರ ಚೀನಾ ನೂಲು ಕೇಳಿದರೆ ಅವನನ್ನು ದೂರುವುದು ತಪ್ಪು. ಸುಂಕ ಏರಿಸಿದರೆ ಅವನಿಗೆ ಪೆಟ್ಟು, ಇಳಿಸಿದರೆ ಕ್ಯಾಲನೂರಿನವನಿಗೆ ಪೆಟ್ಟು. ಒಳ್ಳೆಯ ದ್ವಿತಳಿ ನೂಲು ಇಲ್ಲೇ ಸಾಕಷ್ಟು ತಯಾರಾದರೆ ಮಾತ್ರ ಇಬ್ಬರೂ ಉಳಿಯುತ್ತಾರೆ.

ಆ ದಾರಿಯನ್ನು ನಮಗೆ ತೋರಿಸಿದ್ದೂ ವಿದೇಶಾಂಗ ಸಂಬಂಧವೇ. 1991ರಿಂದ 2007ರವರೆಗೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಮೂರು ಹಂತಗಳಲ್ಲಿ ಕೆಲಸ ಮಾಡಿತು. ನಮ್ಮ ಬಿಸಿಲು ತಡೆಯುವ ಸಿಎಸ್‌ಆರ್ ದ್ವಿತಳಿಗಳು ಬಂದವು. ಎಳೆ ಹುಳು ಸಾಕುವ ಚಾಕಿ ಕೇಂದ್ರ, ಪ್ರತ್ಯೇಕ ಹುಳುಮನೆ, ಕಡ್ಡಿ ಸಮೇತ ಸೊಪ್ಪು ಕೊಡುವ ಪದ್ಧತಿ ಹಳ್ಳಿಗಳಲ್ಲಿ ಹರಡಿದವು. ರೇಷ್ಮೆಯ ಮಟ್ಟಿಗೆ ನಾನು ಕಂಡ ಅತ್ಯುತ್ತಮ ವಿದೇಶಾಂಗ ನೀತಿ ಇದು. ಇಂಥ ಯೋಜನೆ ಮುಗಿದ ನಾಲ್ಕೇ ವರ್ಷಕ್ಕೆ, ದ್ವಿತಳಿ ರೈತ ಆಗಷ್ಟೇ ಕಾಲೂರುತ್ತಿದ್ದಾಗ, ಸುಂಕವನ್ನು ಶೇ 5ಕ್ಕೆ ಇಳಿಸಿದ್ದನ್ನು ಕ್ಷಮಿಸುವುದು ಕಷ್ಟ.

2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಸರ್ಕಾರ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು, ಚೀನಾ ಸರಕು ಬೇಡವೆಂಬ ಕೂಗು ಎಲ್ಲೆಡೆ ಎದ್ದಿತು. ಆದರೆ ದ್ವಿತಳಿ ಗೂಡಿನಿಂದ ನೂಲು ಬಿಚ್ಚಲು ನಮ್ಮ ರೀಲರ್‌ಗಳು ಹಾಕಿಕೊಂಡ ಸ್ವಯಂಚಾಲಿತ ಯಂತ್ರಗಳಲ್ಲಿ ಬಹುಪಾಲು ಬಂದದ್ದು ಚೀನಾದಿಂದ. ಆ ಯಂತ್ರವನ್ನು ಇಲ್ಲೇ ತಯಾರಿಸುವುದಕ್ಕೆ ಹಣ ಮತ್ತು ಪರಿಶ್ರಮ ಹಾಕುವುದು ಘೋಷಣೆಗಿಂತ ನಿಧಾನದ ಕೆಲಸ. ಆದರೆ ಚೀನಾದ ಮೇಲಿನ ಅವಲಂಬನೆ ತಗ್ಗುವುದು ಅದರಿಂದಲೇ.

ಆಮದು ನೀತಿಯ ಮುಂದೆ ಟೊಮೆಟೊ ಬೆಳೆಗಾರರ ಪಾಡೂ ರೇಷ್ಮೆ ಬೆಳೆಗಾರರದ್ದೇ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಆಗಸ್ಟ್ 10ರಂದು ನೇಪಾಳದಿಂದ ಆಮದು ಶುರುವಾಗಿದೆಯೆಂದು ಹಣಕಾಸು ಸಚಿವರು ಲೋಕಸಭೆಯಲ್ಲಿ ಹೇಳಿದರು. ಮುಂದೆ ಬೆಲೆ ಬಿದ್ದದ್ದಕ್ಕೆ ಹೊಸ ಫಸಲೂ ಕಾರಣ, ಎಲ್ಲವನ್ನೂ ನೇಪಾಳದ ತಲೆಗೆ ಕಟ್ಟಲಾಗದು. ಆದರೆ ಬೆಲೆ ಏರಿದಾಗ ವಾರಗಳಲ್ಲೇ ಎಚ್ಚೆತ್ತ ಸರ್ಕಾರ, ಹಣ್ಣನ್ನು ರಸ್ತೆಗೆ ಸುರಿಯುವ ದಿನಗಳಲ್ಲಿ ಹೊರದೇಶದ ಮಾರುಕಟ್ಟೆ ಹುಡುಕಲು ಅದೇ ಆತುರ ತೋರಿದ್ದನ್ನು ನಾನು ಕಂಡಿಲ್ಲ. ಇದ್ದ ಮಾರುಕಟ್ಟೆಗಳೂ ಮುಚ್ಚುತ್ತವೆ: ಪಾಕಿಸ್ತಾನದೊಂದಿಗಿನ ವ್ಯಾಪಾರ 2019ರಲ್ಲಿ ಬಹುಮಟ್ಟಿಗೆ ನಿಂತಿತು. ದೇಶದ ಭದ್ರತೆಗಾಗಿ ಒಂದು ಬಾಗಿಲು ಮುಚ್ಚಬೇಕಾದರೆ ಮುಚ್ಚಲಿ, ರೈತನಿಗೆ ಇನ್ನೊಂದನ್ನು ತೆರೆಯುವ ಹೊಣೆಯೂ ಮುಚ್ಚಿದವರದೇ.

ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಯಲ್ಲಿದೆ, ವಿದೇಶಿ ವ್ಯಾಪಾರ ಕೇಂದ್ರಪಟ್ಟಿಯಲ್ಲಿದೆ. ಗೂಡು ಬೆಳೆಯುವ ರಾಜ್ಯಕ್ಕೆ ಸುಂಕದ ಮಾತಿನಲ್ಲಿ ಅಧಿಕಾರವಿಲ್ಲ. ಇದನ್ನು ಸರಿಪಡಿಸಲು ಸಂವಿಧಾನ ತಿದ್ದಬೇಕಿಲ್ಲ. ಕಚ್ಚಾ ರೇಷ್ಮೆಯ ಸುಂಕ ಇಳಿಸುವುದಾದರೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಬೇಕು. ಬೆಂಗಳೂರಿನಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿ ಬೆಳೆಗಾರರ, ರೀಲರ್‌ಗಳ, ನೇಕಾರರ ಮಾತು ಕೇಳಿ ತನ್ನ ಅಭಿಪ್ರಾಯವನ್ನು ಮೊದಲೇ ಬಹಿರಂಗಪಡಿಸಬೇಕು. ಕೋಲಾರದ ಸಂಸದರು ಯಾವ ಪಕ್ಷದವರೇ ಆಗಿರಲಿ, ಮುಂದಿನ ಬಜೆಟ್ಟಿಗೆ ಮುಂಚೆ ಈ ಎರಡು ಬೇಡಿಕೆಗಳನ್ನು ಲೋಕಸಭೆಯಲ್ಲಿ ಎತ್ತಲಿ.