ಮಾಳಿಗೆ ಸೋರುವಾಗ ಗಿಟಾರ್ ನುಡಿದರೆ

ಶಿಶುನಾಳ ಷರೀಫರ ಪದಕ್ಕೆ ಡ್ರಮ್ಸ್, ಬೇಸ್ ಗಿಟಾರ್ ಒಗ್ಗುತ್ತವೆಯೇ? ರಘು ದೀಕ್ಷಿತ್ 2008ರಲ್ಲಿ ತಮ್ಮದೇ ಹೆಸರಿನಲ್ಲಿ ಹೊರತಂದ ಆಲ್ಬಂ ಈ ಪ್ರಶ್ನೆಗೆ ಎರಡು ಉತ್ತರ ಕೊಡುತ್ತದೆ. ಒಂದು ಹಾಡಿನಲ್ಲಿ ಖಚಿತವಾಗಿ ಹೌದು. ಇನ್ನೊಂದರಲ್ಲಿ ಅರ್ಧ ಹೌದು. ಆಲ್ಬಮಿನ ನಿಜವಾದ ಬೆಲೆ ಗೊತ್ತಾಗುವುದು ಈ ಎರಡರ ನಡುವಿನ ಅಂತರದಲ್ಲಿ.

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಕಡೆಯ ಕೇಳುಗರಿಗೆ ಈ ಅಂತರ ಬೇಗ ತಿಳಿಯುತ್ತದೆ. ಭಜನೆಯಲ್ಲಿ ಹಾರ್ಮೋನಿಯಂ, ತಾಳಗಳ ಜೊತೆ ತತ್ವಪದ ಕೇಳಿ ಬೆಳೆದ ಸೀಮೆ ಇದು. ಪಕ್ಕದ ಶಿರಾ, ಪಾವಗಡದ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದಿ ಜುಂಜಪ್ಪನ ಕಾವ್ಯ ಹಾಡುತ್ತಾರೆ. ದನಿ ಮುಂದೆ, ವಾದ್ಯ ಹಿಂದೆ ಎನ್ನುವ ಕ್ರಮ ಇಲ್ಲಿನ ಕಿವಿಗೆ ಹುಟ್ಟಿನಿಂದಲೇ ಬಂದದ್ದು. ರಾಕ್ ಸಂಗೀತದಲ್ಲಿ ಆ ಕ್ರಮ ಎಷ್ಟು ಉಳಿದಿದೆ, ಎಷ್ಟು ಕದಲಿದೆ ಎಂಬುದು ಈ ಕಿವಿಯಿಂದ ತಪ್ಪಿಸಿಕೊಳ್ಳುವುದಿಲ್ಲ.

ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿ ಹಾಡಿ, ಆಮೇಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಶುರುಮಾಡಿದರು. ಮುಂಬೈನ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಈ ಆಲ್ಬಂ ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು ಇದರಲ್ಲಿವೆ. ಕನ್ನಡದವು ಎರಡೇ, ಎರಡೂ ಷರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಆಲ್ಬಮಿನ ಬೆನ್ನೆಲುಬು ಇವೇ.

‘ಗುಡುಗುಡಿ’ಯನ್ನು ಮೊದಲು ಕೇಳಬೇಕು. ಹುಕ್ಕಾ ಸೇದುವ ಕ್ರಿಯೆಯನ್ನೇ ಷರೀಫರು ಸಾಧನೆಯ ರೂಪಕ ಮಾಡಿದ್ದಾರೆ. ಮನಸ್ಸು ಸಂಚಿಯಾಗುತ್ತದೆ, ಮೋಹ ಕೊಚ್ಚಿ ಹಾಕುವ ಭಂಗಿಯಾಗುತ್ತದೆ, ಅದು ಚಿಲುಮೆ ಸೇರಿ ಉರಿಯುತ್ತದೆ. ಪ್ರತಿ ನುಡಿಯೂ ಹುಕ್ಕಾದ ಒಂದೊಂದು ಭಾಗವನ್ನು ಕೈಗೆತ್ತಿಕೊಂಡು, ಅದರ ಒಳಗುಟ್ಟು ಹೇಳಿ ಮತ್ತೆ ಪಲ್ಲವಿಗೆ ಬರುತ್ತದೆ. ಹೊಗೆ ಎಳೆದು ಬಿಟ್ಟು ಮತ್ತೆ ಎಳೆಯುವ ಲಯವೇ ಈ ಪದದ ಕಟ್ಟಡ. ರಾಕ್ ಹಾಡು ಕೂಡ ಹೀಗೆ ಮರಳಿ ಮರಳಿ ಬರುವ ಸಾಲಿನ ಮೇಲೆಯೇ ನಿಲ್ಲುತ್ತದೆ. ನುಡಿಯಲ್ಲಿ ಕಥೆ ಮುಂದೆ ಸಾಗಬೇಕು, ಪಲ್ಲವಿಯಲ್ಲಿ ಇಡೀ ತಂಡ ಮೈತುಂಬಿ ನುಡಿಯಬೇಕು. ಹಾಗಾಗಿ ಇಲ್ಲಿ ಗಿಟಾರ್ ಹೊರಗಿನಿಂದ ತಂದು ಅಂಟಿಸಿದಂತೆ ಕೇಳಿಸುವುದಿಲ್ಲ. ಭಜನೆಯಲ್ಲಿ ಮುಮ್ಮೇಳ ಎತ್ತಿದ್ದನ್ನು ಹಿಮ್ಮೇಳ ಹಿಡಿಯುವ ಹಳೆಯ ಏರ್ಪಾಟು ಹೊಸ ವಾದ್ಯಗಳಲ್ಲಿ ಮುಂದುವರಿದಿದೆ, ಅಷ್ಟೇ. ಷರೀಫರ ಹಾಡಿನಲ್ಲಿರುವ ಛೇಡಿಕೆ, ಸೇದಿ ನೋಡು ಬಾ ಎಂದು ಕರೆಯುವ ಪೋಕರಿತನ, ಎಲ್ಲವೂ ಈ ಉಮೇದಿನಲ್ಲಿ ಮತ್ತಷ್ಟು ಚುರುಕಾಗುತ್ತವೆ.

ದನಿಯ ಬಗ್ಗೆಯೂ ಹೇಳಬೇಕು. ರಘು ಅವರದು ಗಂಟಲು ತೆರೆದು, ಎದೆಯಿಂದ ಎತ್ತಿ ಹಾಡುವ ಪರಿ. ಸುಗಮ ಸಂಗೀತದ ಮಗ್ಗುಲಲ್ಲಿ ಇಟ್ಟರೆ ಒರಟು ಎನ್ನಿಸುವ ಈ ದನಿ, ಬಯಲಲ್ಲಿ ಮೈಕಿಲ್ಲದೆ ಹಾಡುವವರ ದನಿಗೆ ಹತ್ತಿರ. ಮೈಸೂರಿನ ಹುಡುಗನೊಬ್ಬ ಮನಿ, ಮಾಳಿಗಿ ಎಂಬ ಉತ್ತರ ಕರ್ನಾಟಕದ ಉಚ್ಚಾರವನ್ನು ತಿದ್ದಿ ನುಣುಪು ಮಾಡದೆ ಹಾಗೇ ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ಷರೀಫರ (1819–1889) ಮಾತಿನ ಮಣ್ಣು ಶಿಗ್ಗಾವಿ ಸೀಮೆಯದು. ಅದು ಹಾಡಿನಲ್ಲಿ ಹಾಗೇ ಅಂಟಿಕೊಂಡಿದೆ.

ಈಗ ‘ಸೋರುತಿಹುದು’. ದೊಡ್ಡೇರಿ, ಪಾವಗಡದ ಬಯಲಿನಲ್ಲಿ ಮಾಳಿಗೆ ಮನೆ ಎಂದರೆ ಏನೆಂದು ಯಾರೂ ವಿವರಿಸಬೇಕಿಲ್ಲ. ಗೋಡೆಯಿಂದ ಗೋಡೆಗೆ ತೊಲೆ, ಅದರ ಮೇಲೆ ಜಂತೆ, ಮೇಲೆ ಸೊಪ್ಪುಸದೆ ಹಾಸಿ ತುಳಿದು ಗಟ್ಟಿ ಮಾಡಿದ ಮಣ್ಣು. ಮಳೆಗಾಲ ಬರುವ ಮೊದಲೇ ಚೌಳುಮಣ್ಣು ಹರವಿ ಬಿರುಕು ಮುಚ್ಚದಿದ್ದರೆ ನಡುರಾತ್ರಿ ಪಾತ್ರೆಪಗಡ ಹರಡಿಕೊಂಡು ಕೂರಬೇಕು. ಷರೀಫರು ಆ ರಾತ್ರಿಯನ್ನೇ ಹಾಡಿದ್ದಾರೆ. ಅಜ್ಞಾನದಿಂದ ಮಾಳಿಗೆ ಸೋರುತ್ತಿದೆ, ತೊಲೆ ಮುರಿದಿದೆ, ಜಂತೆ ಹುಳುಕಾಗಿದೆ, ಸರಿಮಾಡುವವರಿಲ್ಲ. ಕತ್ತಲಲ್ಲಿ ಮೇಲೆ ಹತ್ತಲು ತನ್ನಿಂದಾಗದು ಎಂದು ಹಾಡುವವನೇ ಒಪ್ಪಿಕೊಳ್ಳುತ್ತಾನೆ. ಇಡೀ ಪದದ ನೋವು ಇರುವುದು ಆ ಆಗದಿರುವಿಕೆಯಲ್ಲಿ.

ಆಲ್ಬಮಿನ ಹಾಡು ಸೊರಗುವುದೂ ಇಲ್ಲೇ. ರಾಗದ ಸಾಲು ಚೆನ್ನಾಗಿದೆ, ಹಾಡುಗಾರಿಕೆಯಲ್ಲಿ ಒಲವಿದೆ. ಆದರೆ ತಂಡ ಹೆಜ್ಜೆ ತಪ್ಪುವುದಿಲ್ಲ, ಎಲ್ಲಿಯೂ ನಿಲ್ಲುವುದಿಲ್ಲ. ತತ್ವಪದ ಹಾಡುವವರು ಇಂಥ ಸಾಲು ಬಂದಾಗ ತಾಳ ಸಡಿಲಿಸಿ, ಆ ಸಾಲನ್ನು ಮತ್ತೊಮ್ಮೆ ಬೇರೆ ಎತ್ತರದಲ್ಲಿ ಎತ್ತಿ, ಕೇಳುಗನ ಮುಖ ನೋಡಿ ಮುಂದಕ್ಕೆ ಹೋಗುತ್ತಾರೆ. ಡ್ರಮ್ಸಿನ ಅಳತೆ ಕಟ್ಟಿದ ನಡೆಯಲ್ಲಿ ಆ ಬಿಡುವಿಗೆ ಜಾಗವಿಲ್ಲ. ಸಿ. ಅಶ್ವತ್ಥ್ ಇದೇ ಪದಗಳಿಗೆ ಹಾಕಿದ ಮಟ್ಟುಗಳನ್ನು, ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದ ಹಾಡುಗಳನ್ನು ನೆನೆದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಅಶ್ವತ್ಥ್ ಒಂದೇ ಪದದ ಮೇಲೆ ಉಸಿರು ಹಿಡಿದು ನಿಲ್ಲಬಲ್ಲವರಾಗಿದ್ದರು, ಕೂಗಬೇಕಾದ ಕಡೆ ಕೂಗುತ್ತಲೂ ಇದ್ದರು. ರಘು ಅವರಲ್ಲಿ ಕೂಗಿದೆ, ನಿಲುಗಡೆ ಕಡಿಮೆ. ಛೇಡಿಸುವ ಷರೀಫರಿಗೆ ಈ ಸಂಗೀತ ಚೆನ್ನಾಗಿ ಒದಗಿದೆ. ಅಳುವ ಷರೀಫರ ಹತ್ತಿರಕ್ಕೆ ಅದು ಇನ್ನೂ ಪೂರ್ತಿ ಹೋಗಿಲ್ಲ.

ಹಿಂದಿ ಹಾಡುಗಳಲ್ಲಿ ‘ಮೈಸೂರ್ ಸೇ ಆಯಿ’ ಮಾಧುರ್ಯದ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲು. ಒಮ್ಮೆ ಕೇಳಿದರೆ ಸಾಕು, ಭಾಷೆ ಬಾರದವರ ಬಾಯಲ್ಲೂ ಉಳಿಯುತ್ತದೆ. ಇನ್ನೊಮ್ಮೆ ಬದುಕು ಕೊಡು ಎಂದು ದೇವರನ್ನು ಬೇಡುವ ‘ಹೇ ಭಗವಾನ್’ ಹಾಡಿನಲ್ಲಿ ಬೇಡಿಕೆಯೂ ಕುಣಿತವೂ ಒಟ್ಟಿಗೆ ಬೆರೆತಿವೆ. ಇಂಗ್ಲಿಷಿನ ಪ್ರೇಮಗೀತೆ ಮಾತ್ರ ಬೇರೆ ಮನೆಯ ನೆಂಟನಂತೆ ಒಂದು ಬದಿಗೆ ಕೂತಿದೆ. ಅದನ್ನು ತೆಗೆದರೂ ಆಲ್ಬಂ ಬಡವಾಗುತ್ತಿರಲಿಲ್ಲ.

ಮುಂದೆ ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆಯಿತು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ವೇದಿಕೆ ಹತ್ತುವ ರಘು ಅವರನ್ನು ಲೋಕ ಗುರುತಿಸಿತು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ ಮೊದಲ ಆಲ್ಬಂ 2009ರಲ್ಲಿ ಬಂತು. ಅದರಲ್ಲಿಯೂ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. 2013ರ ‘ಜಗ್ ಚಂಗಾ’ದಲ್ಲಿ ರಘು ಮತ್ತೆ ಷರೀಫರ ಕಡೆಗೇ ಬಂದು ‘ಲೋಕದ ಕಾಳಜಿ’ ಹಾಡಿದರು. ಅದು ಛೇಡಿಸುವ ಪದ, ಹಾಗಾಗಿ ಆಯ್ಕೆ ಜಾಣತನದ್ದು.

ಆದರೆ ‘ಸೋರುತಿಹುದು’ ಉಳಿಸಿಹೋದ ಕೆಲಸ ಹಾಗೆಯೇ ಇದೆ. ಎಲೆಕ್ಟ್ರಿಕ್ ಗಿಟಾರಿನ ಒಂದೇ ಸ್ವರವನ್ನು ಬಹಳ ಹೊತ್ತು ಎಳೆದು ನಿಲ್ಲಿಸಬಹುದು. ಗಣೆಯ ಉಸಿರೂ ಅಂಥದ್ದೇ. ಡ್ರಮ್ಸನ್ನು ಅಷ್ಟು ಹೊತ್ತು ಸುಮ್ಮನಿರಿಸಿ, ಈ ಎರಡು ವಾದ್ಯಗಳನ್ನೂ ಒಂದು ದನಿಯ ಹಿಂದೆ ನಿಲ್ಲಿಸಿ ಆ ಪದವನ್ನು ಹಾಡಿದರೆ ಕತ್ತಲಲ್ಲಿ ಮೇಲೆ ಹತ್ತಲಾರದವನ ಮಾತು ತನ್ನಷ್ಟಕ್ಕೆ ಕೇಳಿಸೀತು. ಅದಕ್ಕೆ ಬೇಕಾದ ಗಣೆ ಶಿರಾದಲ್ಲಿದೆ, ಗಿಟಾರ್ ಬೆಂಗಳೂರಿನಲ್ಲಿದೆ.