ಲಂಡನ್ನಿನ ಆ ಒಂದು ದಿನಕ್ಕೆ ಎಂಥ ತಯಾರಿ?

ಲಂಡನ್ನಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಟ್ರೈನಿ ಸಾಲಿಸಿಟರ್ ಆಗಲು ಹೊರಟವರಿಗೆ ಅಸೆಸ್‌ಮೆಂಟ್ ಡೇ ಕೊನೆಯ ಹೊಸ್ತಿಲು. ಅರ್ಜಿಯನ್ನೂ ಆನ್‌ಲೈನ್ ಪರೀಕ್ಷೆಯನ್ನೂ ದಾಟಿದವರನ್ನು ಕಚೇರಿಗೆ ಕರೆದು ಕೇಸ್ ಸ್ಟಡಿ, ಬರವಣಿಗೆ, ಗುಂಪು ಚರ್ಚೆ, ಪಾರ್ಟ್‌ನರ್‌ಗಳ ಸಂದರ್ಶನಗಳಲ್ಲಿ ಅಳೆಯುತ್ತಾರೆ. ಗೆದ್ದವರಿಗೆ ಎರಡು ವರ್ಷದ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ವಿಭಾಗಗಳಲ್ಲಿ ಆರಾರು ತಿಂಗಳ ನಾಲ್ಕು ‘ಸೀಟು’ಗಳು. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಿಂದಲೂ ಲಂಡನ್ನಿನ ಫರ್ಮ್‌ಗಳು ಟ್ರೈನಿಗಳನ್ನು ಆರಿಸಿಕೊಂಡು ಹೋಗಿವೆ. ಹಾಗಾಗಿ ಈ ತಯಾರಿ ಹೇಗಿದೆ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

ಈಗ ನಡೆಯುತ್ತಿರುವ ತಯಾರಿಯ ಬಹುಪಾಲು ಮಾತಿನ ತಯಾರಿ. ಸನ್ನಿವೇಶ, ಹೊಣೆ, ಕ್ರಮ, ಫಲ ಎಂಬ ‘ಸ್ಟಾರ್’ ಚೌಕಟ್ಟಿನಲ್ಲಿ ಕೂರಿಸಿದ ಉತ್ತರಗಳು. ‘ನಮ್ಮ ಫರ್ಮೇ ಏಕೆ?’ ಎಂದರೆ ಅದೇ ಫರ್ಮಿನ ಜಾಲತಾಣದಿಂದ ಎತ್ತಿದ ಸಾಲುಗಳು. ಗುಂಪು ಚರ್ಚೆಯಲ್ಲಿ ಮೊದಲು ಬಾಯಿ ತೆರೆಯುವ, ಗಡಿಯಾರ ನೋಡಿಕೊಳ್ಳುವ, ಸುಮ್ಮನೆ ಕೂತವರನ್ನು ಮಾತಿಗೆಳೆಯುವ ಉಪಾಯಗಳು. ಇವು ದಂಡವೆಂದು ನಾನು ಹೇಳಲಾರೆ. ಆದರೆ ಇಡೀ ದಿನದಲ್ಲಿ ವಕೀಲರ ನಿತ್ಯದ ಕೆಲಸಕ್ಕೆ ಅತ್ಯಂತ ಹತ್ತಿರವಿರುವುದು ಕೇಸ್ ಸ್ಟಡಿಯಲ್ಲಿ ಮುಂದಿಟ್ಟ ಕಡತ. ಅದನ್ನು ಓದುವುದಕ್ಕೇ ಅತಿ ಕಡಿಮೆ ತಯಾರಿ ನಡೆಯುತ್ತಿದೆ ಎಂಬುದು ನನ್ನ ಮುಖ್ಯ ತಕರಾರು.

ಗುಂಪು ಚರ್ಚೆಯ ಬೇರು ಸೇನೆಯಲ್ಲಿದೆ. 1942ರಲ್ಲಿ ಬ್ರಿಟಿಷ್ ಸೇನೆ ಅಧಿಕಾರಿಗಳನ್ನು ಆರಿಸಲು ವಾರ್ ಆಫೀಸ್ ಸೆಲೆಕ್ಷನ್ ಬೋರ್ಡ್‌ಗಳನ್ನು ಕಟ್ಟಿದಾಗ, ಮನೋವೈದ್ಯ ವಿಲ್ಫ್ರೆಡ್ ಬಿಯಾನ್ ನಾಯಕನನ್ನು ನೇಮಿಸದೆ ಗುಂಪಿಗೇ ಒಂದು ಕೆಲಸ ಒಪ್ಪಿಸುವ ಪದ್ಧತಿಯನ್ನು ರೂಪಿಸಿದರು. ಪ್ರತಿಯೊಬ್ಬನಿಗೂ ತಾನೇ ಆಯ್ಕೆಯಾಗಬೇಕು. ಆದರೆ ಕೆಲಸ ಮುಗಿಯಬೇಕಾದರೆ ಪೈಪೋಟಿಗಿಳಿದವನಿಗೇ ಹೆಗಲು ಕೊಡಬೇಕು. ಆ ಇಕ್ಕಟ್ಟಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಅವರು ನೋಡಬಯಸಿದ್ದರು. ಅದೇ ವಂಶದ, ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ನಮ್ಮಲ್ಲಿ, ಬೆಂಗಳೂರಿನಲ್ಲೂ, ಇಂದಿಗೂ ಐದು ದಿನಗಳ ಕಾಲ ನಡೆಯುತ್ತದೆ. ಐದು ದಿನ ಕಂಠಪಾಠದ ಸೌಜನ್ಯವನ್ನು ಹೊತ್ತು ತಿರುಗುವುದು ಕಷ್ಟ. ದಣಿವಿನಲ್ಲಿ ಸ್ವಭಾವ ಹೊರಬೀಳುತ್ತದೆ. ಲಾ ಫರ್ಮಿನ ಅರ್ಧ, ಮುಕ್ಕಾಲು ಗಂಟೆಯ ಚರ್ಚೆಗೆ ಆ ಅವಕಾಶವಿಲ್ಲ. ಎಲ್ಲರೂ ಒಂದೇ ಪಾಠ ಕಲಿತು ಬಂದಿರುವಾಗ ಅಲ್ಲಿ ಕಾಣುವುದು ಸ್ವಭಾವಕ್ಕಿಂತ ಹೆಚ್ಚಾಗಿ ತರಬೇತಿ. ದಿನದ ಅಂಗಗಳಲ್ಲಿ ನನಗೆ ಅತಿ ದುರ್ಬಲವಾಗಿ ಕಾಣುವುದು ಇದೇ.

ಕಡತದ ಮಾತು ಬೇರೆ. ಒಂದು ಕಲ್ಪಿತ ಉದಾಹರಣೆ ನೋಡೋಣ. ನಿಮ್ಮ ಕಕ್ಷಿದಾರ ಇಂಗ್ಲೆಂಡಿನ ಒಂದು ಬಿಸ್ಕತ್ತು ಕಂಪನಿಯನ್ನು ಕೊಳ್ಳಲು ಹೊರಟಿದ್ದಾನೆ. ಕಡತದಲ್ಲಿ ಲೆಕ್ಕಪತ್ರ, ಕಾರ್ಖಾನೆಯ ಲೀಸು, ನೌಕರರ ಪಟ್ಟಿ, ಒಂದು ಸೂಪರ್ ಮಾರ್ಕೆಟ್ ಜೊತೆಗಿನ ಕರಾರು ಇವೆ. ಕಂಪನಿಯ ವಹಿವಾಟಿನ ಅರ್ಧ ಆ ಒಂದೇ ಕರಾರಿನಿಂದ ಬರುತ್ತದೆ. ಕರಾರಿನ ಕೊನೆಯ ಪುಟದಲ್ಲಿ, ಕಂಪನಿಯ ಒಡೆತನ ಬದಲಾದರೆ ಸೂಪರ್ ಮಾರ್ಕೆಟ್ ಒಪ್ಪಂದವನ್ನು ಮುರಿಯಬಹುದು ಎಂಬ ಷರತ್ತಿದೆ. ಷೇರುಗಳನ್ನು ಕೊಂಡರೆ ಉದ್ಯೋಗದಾತ ಅದೇ ಕಂಪನಿಯಾಗಿ ಉಳಿಯುವುದರಿಂದ ನೌಕರರ ಕರಾರುಗಳು ಇದ್ದಂತೆಯೇ ಇರುತ್ತವೆ, ಲೀಸು ಕೂಡ ಅದೇ ಕಂಪನಿಯ ಹೆಸರಲ್ಲಿರುತ್ತದೆ. ಆದರೆ ಹಳೆಯ ಸಾಲ, ಹಳೆಯ ವ್ಯಾಜ್ಯಗಳೂ ಕಂಪನಿಯ ಜೊತೆಗೇ ಬರುತ್ತವೆ, ಒಡೆತನದ ಷರತ್ತೂ ಎಚ್ಚರಗೊಳ್ಳುತ್ತದೆ. ಬರೀ ವ್ಯವಹಾರ ಮತ್ತು ಸ್ವತ್ತುಗಳನ್ನು ಕೊಂಡರೆ ಬೇಡದ ಹೊಣೆಗಳನ್ನು ಬಹುಮಟ್ಟಿಗೆ ಬಿಟ್ಟು ಬರಬಹುದು. ಆದರೆ ಟ್ಯೂಪಿ ಎಂದು ಕರೆಯುವ 2006ರ ನಿಯಮಗಳ ಪ್ರಕಾರ ಆ ವ್ಯವಹಾರದ ನೌಕರರು ತಮ್ಮ ಹಳೆಯ ಷರತ್ತುಗಳ ಸಮೇತ ಹೊಸ ಒಡೆಯನ ಬಳಿ ಬರುತ್ತಾರೆ. ಲೀಸಿನ ವರ್ಗಾವಣೆಗೆ ಸಾಮಾನ್ಯವಾಗಿ ಜಾಗದ ಮಾಲೀಕನ ಒಪ್ಪಿಗೆ ಬೇಕು, ಸೂಪರ್ ಮಾರ್ಕೆಟ್ಟಿನ ಒಪ್ಪಿಗೆಯನ್ನೂ ಹೊಸದಾಗಿ ಕೇಳಬೇಕಾದೀತು.

ಇಷ್ಟನ್ನೂ ಬರೆದಿಟ್ಟು ಎದ್ದವನು ಅರ್ಧ ಕೆಲಸ ಮಾಡಿದ್ದಾನೆ, ಅಷ್ಟೆ. ಕಕ್ಷಿದಾರನಿಗೆ ಬೇಕಾದದ್ದು ಏನು ಮಾಡಬೇಕೆಂಬ ಸಲಹೆ: ಹಣ ಕೊಡುವ ಮೊದಲೇ ಸೂಪರ್ ಮಾರ್ಕೆಟ್ಟಿನ ಲಿಖಿತ ಒಪ್ಪಿಗೆಯನ್ನು ಷರತ್ತಾಗಿಸಿ, ಅದು ಸಿಗದಿದ್ದರೆ ಬೆಲೆ ಇಳಿಸಿ, ಇಲ್ಲವೇ ವ್ಯವಹಾರದಿಂದ ಹಿಂದೆ ಸರಿಯಿರಿ. ಇಪ್ಪತ್ತು ತೊಂದರೆಗಳನ್ನು ಹೆಕ್ಕಿ, ಯಾವುದು ದೊಡ್ಡದೆಂದು ಹೇಳಲಾಗದ ಅಭ್ಯರ್ಥಿಗಿಂತ ಮೂರನ್ನು ಹಿಡಿದು, ತೂಗಿ, ದಾರಿ ತೋರಿಸಿದವರು ಮೇಲು. ಈ ತೂಗುವ ಬುದ್ಧಿ ಅಭ್ಯಾಸದಿಂದ ಬರುತ್ತದೆ. ಒಂದು ನಿಜವಾದ ಕಂಪನಿಯ ವಾರ್ಷಿಕ ವರದಿಯನ್ನು ತೆಗೆದುಕೊಂಡು, ಗಂಟೆಯೊಳಗೆ ಓದಿ, ಅದನ್ನು ಕೊಳ್ಳುವವನಿಗೆ ಒಂದು ಪುಟದ ಪತ್ರ ಬರೆದು ನೋಡಬೇಕು. ಕಾನೂನು ಓದದೆ ಬಂದವರಿಗೂ ಇದು ಸಾಧ್ಯ; ಇಂಗ್ಲೆಂಡಿನಲ್ಲಿ ಇತಿಹಾಸ, ಗಣಿತ ಓದಿದವರೂ ಸಾಲಿಸಿಟರ್ ಆಗುತ್ತಾರೆ. ‘ಕಮರ್ಷಿಯಲ್ ಅವೇರ್‌ನೆಸ್’ ಎಂದು ಎಲ್ಲರನ್ನೂ ಹೆದರಿಸುವ ಗುಣವೂ ಹೀಗೆಯೇ ಬೆಳೆಯುತ್ತದೆ. ಫೈನಾನ್ಷಿಯಲ್ ಟೈಮ್ಸ್‌ನ ತಲೆಬರಹಗಳನ್ನು ಉರುಹೊಡೆದರೆ ಅದು ಬಾರದು.

ನನ್ನ ಒಲವಿಗೆ ಸಂಶೋಧನೆಯ ಆಸರೆಯೂ ಇದೆ, ಪೂರ್ತಿ ಅಲ್ಲ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮುಂದಿನ ಕೆಲಸದ ಗುಣಮಟ್ಟದ ಜೊತೆಗಿನ ಸಂಬಂಧಾಂಕ ಈ ಕಡತದಂಥ ಮಾದರಿ ಕೆಲಸದ ಪರೀಕ್ಷೆಗೆ 0.54, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ರಚನಾಬದ್ಧ ಸಂದರ್ಶನಕ್ಕೆ 0.51, ಹಲವು ಪರೀಕ್ಷೆಗಳನ್ನು ಒಟ್ಟಿಗೆ ನಡೆಸುವ ಅಸೆಸ್‌ಮೆಂಟ್ ಸೆಂಟರಿಗೆ 0.37 ಬಂದಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕವನ್ನು ತಿದ್ದಿದಾಗ ಈ ಅಂಕಗಳೆಲ್ಲ ಇಳಿದವು, ಆದರೆ ಸಾಲಿನಲ್ಲಿ ರಚನಾಬದ್ಧ ಸಂದರ್ಶನ ಮೊದಲಿಗೆ ಬಂತು. ಸಂದರ್ಶನದ ತಯಾರಿಯನ್ನು ಕಡೆಗಣಿಸಬಾರದು ಎಂಬುದನ್ನು ಇದರಿಂದ ಒಪ್ಪುತ್ತೇನೆ. ಆದರೆ ಅಲ್ಲಿಯೂ ಬಾಯಿಪಾಠ ಮಾಡಿದ ಕಥೆ ಪಾರ್ಟ್‌ನರ್ ಕೇಳುವ ಎರಡನೆಯ, ಮೂರನೆಯ ಪ್ರಶ್ನೆಗೆ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು, ಈ ತಯಾರಿ ಯಾರಿಗೆ ಎಟಕುತ್ತದೆ ಎಂಬುದು. ಮನೆಯಲ್ಲೇ ವಕೀಲರಿರುವ ಹುಡುಗಿಗೆ ಊಟದ ಮೇಜಿನಲ್ಲೇ ಸಿಗುವ ತಿಳಿವಳಿಕೆಯನ್ನು, ಕುಟುಂಬದಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದ ಹುಡುಗ ಎಲ್ಲಿಂದ ತರಬೇಕು? ಅಭ್ಯರ್ಥಿ ಓದಿದ ಶಾಲೆ, ಬೆಳೆದ ಪರಿಸ್ಥಿತಿಗಳನ್ನು ಅಂಕಗಳ ಪಕ್ಕದಲ್ಲಿಟ್ಟು ನೋಡುವ ‘ರೇರ್’ ಸಂಸ್ಥೆಯ ವ್ಯವಸ್ಥೆಯನ್ನು 2015ರಿಂದೀಚೆಗೆ ಹಲವು ಫರ್ಮ್‌ಗಳು ಬಳಸುತ್ತಿವೆ. ಒಳ್ಳೆಯದು. ಆದರೆ ಅದು ಬಾಗಿಲವರೆಗೆ ಕರೆತರುತ್ತದೆ. ಒಳಗೆ ಕಡತ ಕೈಗೆ ಬಂದಾಗ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ಫೋರೇಜ್ ತಾಣದಲ್ಲಿ ಕೆಲವು ಫರ್ಮ್‌ಗಳು ಉಚಿತವಾಗಿ ಇಟ್ಟಿರುವ ಮಾದರಿ ಕೆಲಸಗಳು, ನಾನು ಕಂಡಂತೆ, ಯಾವ ಕೋಚಿಂಗಿಗಿಂತಲೂ ಉಪಯುಕ್ತ. ಧಾರವಾಡದಲ್ಲಿ ಕೂತ ವಿದ್ಯಾರ್ಥಿಯೂ ಅವನ್ನು ತೆರೆದು ಬರೆಯಬಹುದು. ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆ 2021ರಲ್ಲಿ ಜಾರಿಗೆ ಬಂದ, ಸಾಲಿಸಿಟರ್ ಅರ್ಹತೆಯ ಎಸ್‌ಕ್ಯುಇ ಪರೀಕ್ಷೆಗೆ ಮಾದರಿ ಪ್ರಶ್ನೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಫರ್ಮ್‌ಗಳೂ ತಮ್ಮ ಹಳೆಯ ಕೇಸ್ ಸ್ಟಡಿಗಳನ್ನು, ಒಳ್ಳೆಯ ಉತ್ತರವೊಂದರ ಜೊತೆಗೆ, ಹಾಗೆಯೇ ಪ್ರಕಟಿಸಲಿ.